ಫಾರ್ಮ್ಯಾಟ್ ಮಾಡುವ ಮೊದಲು ಒಂದು ಫೋಟೊ

ಈಚಿನ ವರ್ಷಗಳಲ್ಲಿ ನನಗೆ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ತಲೆಹಾಕುತ್ತಿದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೋ ಇನ್ನೆಲ್ಲೋ, ಯಾವುದೋ ಆಫೀಸಿನವರು ವಿಲೇವಾರಿ ಮಾಡಿದ ಹಳೆಯ ಸರ್ವರ್ ಕಡಿಮೆ ಬೆಲೆಗೆ ಸಿಕ್ಕಿತು, ಒಳಗೆ ಎರಡು ಪ್ರೊಸೆಸರ್ ಇವೆ, ಲಿನಕ್ಸ್ ಹಾಕಿದೆ, ಎರಡು ದಿನ ಚೆನ್ನಾಗಿ ಓಡಿತು, ಆಮೇಲೆ ಹೇಳದೆ ಕೇಳದೆ ನಿಂತುಬಿಡುತ್ತದೆ. ಇಷ್ಟು ಬರೆದು ಕೊನೆಗೆ ಒಂದು ಸಾಲು ಸೇರಿಸಿರುತ್ತಾರೆ: ಮೂರು ಸಲ ಫಾರ್ಮ್ಯಾಟ್ ಮಾಡಿ ಹೊಸದಾಗಿ ಹಾಕಿದರೂ ಸರಿಹೋಗಲಿಲ್ಲ. ಆ ಸಾಲು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಯಂತ್ರ ತನಗೇನಾಗಿದೆ ಎಂದು ಬರೆದಿಟ್ಟಿದ್ದ ಚೀಟಿಯನ್ನು ಮೂರು ಸಲವೂ ಓದದೆ ಹರಿದುಹಾಕಿದ ಹಾಗಾಯಿತಲ್ಲ ಎಂದು.

ಹೋದ ಮಳೆಗಾಲದಲ್ಲಿ ಧಾರವಾಡದಿಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಫೋನ್ ಮಾಡಿದ. ಹಳೆಯ ಕನ್ನಡ ಮಾಸಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ, ಟೆಸರ್ಯಾಕ್ಟ್ ಎಂಬ ಮುಕ್ತ ತಂತ್ರಾಂಶದಿಂದ ಅಕ್ಷರ ಗುರುತಿಸಿ, ಹುಡುಕಬಹುದಾದ ಪಠ್ಯವಾಗಿ ಮಾಡುವುದು ಅವನ ಕೆಲಸ. ಅದಕ್ಕೆಂದೇ ಎಂಟೆಂಟು ಕೋರ್‌ಗಳ ಎರಡು ಝಿಯಾನ್ ಪ್ರೊಸೆಸರ್ ಇರುವ (ಪ್ರತಿ ಕೋರ್ ಎರಡು ಸಿಪಿಯುವಾಗಿ ಕಾಣುವುದರಿಂದ ಲಿನಕ್ಸ್ ಲೆಕ್ಕದಲ್ಲಿ 32 ಸಿಪಿಯು), 64 ಜಿಬಿ ಮೆಮೊರಿಯ ಒಂದು ಸೆಕೆಂಡ್ ಹ್ಯಾಂಡ್ ಯಂತ್ರ ಕೊಂಡಿದ್ದ. ಸಂಜೆ ಪುಟಗಳನ್ನು ತುಂಬಿ ಮಲಗಿದರೆ ಬೆಳಿಗ್ಗೆ ಪಠ್ಯ ಸಿದ್ಧವಿರಬೇಕು. ಆದರೆ ನಡುರಾತ್ರಿಗೇ ಯಂತ್ರ ಸತ್ತು ಬಿದ್ದಿರುತ್ತಿತ್ತು.

“ಸರ, ಮತ್ತ ನಿಂತೈತ್ರಿ. ಲಿನಕ್ಸ್ ತಗದು ಇನ್ನೊಮ್ಮಿ ಹಾಕಿಬಿಡ್ಲೇನ್ರಿ?”

“ಬ್ಯಾಡಪ್ಪ, ಏನೂ ಮುಟ್ಟಬ್ಯಾಡ. ಸ್ಕ್ರೀನ್ ಮ್ಯಾಲೆ ಏನೈತಿ, ಮೊದಲ ಅದರ ಫೋಟೊ ತಗದು ಕಳಸು.”

ಇವತ್ತಿನ ಅಂಕಣದಲ್ಲಿ ಓದುಗರಿಗೆ ನಾನು ಹೇಳಬೇಕೆಂದಿರುವುದೂ ಅದನ್ನೇ. ಎರಡು ಪ್ರೊಸೆಸರ್ ಯಂತ್ರ ಕೈಕೊಟ್ಟಾಗ ರಿಪೇರಿಗೆ ಕೈಹಾಕುವುದು ಆಮೇಲೆ; ಮೊದಲು ಅದರ ಬಾಯಿಂದ ಸಾಕ್ಷಿ ಹೇಳಿಸಬೇಕು. ಸಾಯುವ ರೀತಿಯಲ್ಲೇ ಅರ್ಧ ಸುಳಿವು ಇರುತ್ತದೆ. ಪರದೆ ಹಾಗೇ ಇದ್ದು ಮೌಸ್ ಕೂಡ ಅಲುಗಾಡದಿದ್ದರೆ ಅದು ಹ್ಯಾಂಗ್. ಪರದೆಯ ಮೇಲೆ ಸಾಲುಸಾಲಾಗಿ ಸಂದೇಶ ಬಂದು, ಹಳೆಯ ಪಿಎಸ್2 ಕೀಬೋರ್ಡಾಗಿದ್ದರೆ ಕ್ಯಾಪ್ಸ್ ಲಾಕ್ ದೀಪವೂ ಮಿಣುಕುತ್ತಿದ್ದರೆ ಅದು ಪ್ಯಾನಿಕ್, ಎಂದರೆ ಲಿನಕ್ಸ್‌ನ ತಿರುಳಾದ ಕರ್ನಲ್ ‘ಇನ್ನು ಮುಂದುವರಿಯುವುದು ಅಪಾಯ’ ಎಂದು ತಾನಾಗಿ ಕೈಚೆಲ್ಲಿದ್ದು. ಒಂದು ಮಾತನ್ನೂ ಆಡದೆ ದಬಕ್ಕನೆ ರೀಬೂಟ್ ಆದರೆ ನಾನು ಮೊದಲು ವಿದ್ಯುತ್ತು ಮತ್ತು ಬಿಸಿಯ ಕಡೆ ನೋಡುತ್ತೇನೆ. 115 ವಾಟ್‌ನ ಎರಡು ಪ್ರೊಸೆಸರ್ ಒಟ್ಟಿಗೆ ದುಡಿಯತೊಡಗಿದರೆ ಅವೆರಡಕ್ಕೇ 230 ವಾಟ್ ಬೇಕು. ಮನೆಯಲ್ಲಿ ಸಾಮಾನ್ಯವಾಗಿ ಇಟ್ಟುಕೊಳ್ಳುವ 600 ವಿಎ ಯುಪಿಎಸ್ ಕೊಡುವುದು ಸುಮಾರು 360 ವಾಟ್. ಕರೆಂಟ್ ಹೋದ ಕ್ಷಣದಲ್ಲೇ ಯಂತ್ರ ಪೂರ್ತಿ ಭಾರ ಹೊತ್ತಿದ್ದರೆ ಯುಪಿಎಸ್ ಸೋಲಬಹುದು, ಬೈಸಿಕೊಳ್ಳುವುದು ಲಿನಕ್ಸ್.

ಇಲ್ಲಿ ಎರಡು ಪ್ರೊಸೆಸರ್ ಎಂದರೆ ಮದರ್‌ಬೋರ್ಡಿನ ಮೇಲೆ ಎರಡು ಸಾಕೆಟ್, ಎರಡು ಬೇರೆಬೇರೆ ಚಿಪ್. ಇಂಥ ಯಂತ್ರಗಳಲ್ಲಿ ಪ್ರತಿ ಚಿಪ್‌ಗೂ ಅದರದೇ ಮೆಮೊರಿ ಸ್ಲಾಟ್‌ಗಳು, ಅದರದೇ ಪವರ್ ಕನೆಕ್ಟರ್, ಅದರದೇ ಹೀಟ್‌ಸಿಂಕ್. ಒಂದರ ಪಕ್ಕದ ಮೆಮೊರಿಯಲ್ಲಿರುವ ಮಾಹಿತಿ ಇನ್ನೊಂದಕ್ಕೆ ಬೇಕಾದರೆ ನಡುವಿನ ಕೊಂಡಿಯ ಮೂಲಕ ತರಿಸಿಕೊಳ್ಳುತ್ತದೆ. ಹೊರಗಿನಿಂದ ಒಂದೇ ಮನೆ, ಒಳಗೆ ಎರಡು ಒಲೆಯ ಸಂಸಾರ.

ಒಲೆ ಎಂದಾಗ ಮದುವೆ ಮನೆಯ ಅಡುಗೆ ನೆನಪಾಗುತ್ತದೆ. ಒಂದೇ ಕೊಪ್ಪರಿಗೆ ಸಾರಿಗೆ ಇಬ್ಬರು ಭಟ್ಟರು. ಒಬ್ಬರು ರುಚಿ ನೋಡಿ ಉಪ್ಪು ಹಾಕಿಲ್ಲವೆಂದು ಉಪ್ಪಿನ ಡಬ್ಬಿಗೆ ಕೈಹಾಕುವಷ್ಟರಲ್ಲಿ ಇನ್ನೊಬ್ಬರೂ ರುಚಿ ನೋಡಿ ಅದೇ ತೀರ್ಮಾನಕ್ಕೆ ಬಂದಿರುತ್ತಾರೆ. ಇಬ್ಬರದೂ ಸರಿಯಾದ ಕೆಲಸವೇ, ಸಾರು ಮಾತ್ರ ಕೆಟ್ಟಿತು. ಇದನ್ನು ಕಂಪ್ಯೂಟರಿನವರು ರೇಸ್ ಕಂಡೀಷನ್ ಎನ್ನುತ್ತಾರೆ. ತಡೆಯಬೇಕಾದರೆ ಒಂದು ನಿಯಮ ಬೇಕು: ಸೌಟು ಯಾರ ಕೈಯಲ್ಲಿದೆಯೋ ಅವರು ಮಾತ್ರ ಕೊಪ್ಪರಿಗೆ ಮುಟ್ಟಬೇಕು. ಆ ಸೌಟಿಗೆ ಲಾಕ್ ಎಂದು ಹೆಸರು. ಆದರೆ ಒಬ್ಬರು ಸೌಟು ಹಿಡಿದು ಉಪ್ಪಿನ ಡಬ್ಬಿಗಾಗಿ ಕಾಯುತ್ತ, ಇನ್ನೊಬ್ಬರು ಡಬ್ಬಿ ಹಿಡಿದು ಸೌಟಿಗಾಗಿ ಕಾಯುತ್ತ ನಿಂತರೆ ಊಟದ ಪಂಕ್ತಿ ಏಳುವುದೇ ಇಲ್ಲ. ಅದು ಡೆಡ್‌ಲಾಕ್.

ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್ ಶುರುಮಾಡಿದಾಗ ಅಡುಗೆಮನೆಯಲ್ಲಿ ಒಬ್ಬರೇ ಭಟ್ಟರು. 1996ರ ಜೂನ್‌ನಲ್ಲಿ ಬಂದ 2.0 ಆವೃತ್ತಿಯಲ್ಲಿ ಒಂದಕ್ಕಿಂತ ಹೆಚ್ಚು ಪ್ರೊಸೆಸರ್‌ಗಳಿಗೆ ಆಸರೆ ದೊರೆಯಿತು. ಅದಕ್ಕೆ ಮುಖ್ಯವಾಗಿ ದುಡಿದವರು ಅಲನ್ ಕಾಕ್ಸ್. ಆಗ ಇಡೀ ಅಡುಗೆಮನೆಗೆ ಒಂದೇ ಸೌಟು. ಅದನ್ನು ಬಿಗ್ ಕರ್ನಲ್ ಲಾಕ್ ಎಂದು ಕರೆದರು. ಒಂದು ಪ್ರೊಸೆಸರ್ ಕರ್ನಲ್ ಒಳಗಿದ್ದರೆ ಇನ್ನೊಂದು ಬಾಗಿಲಲ್ಲೇ ನಿಲ್ಲಬೇಕಿತ್ತು. ಭದ್ರ, ಆದರೆ ನಿಧಾನ. ಆಮೇಲೆ ವರ್ಷಗಳ ಕಾಲ ಪ್ರತಿಯೊಂದು ಪಾತ್ರೆಗೂ ಬೇರೆ ಬೇರೆ ಸೌಟು ಮಾಡುತ್ತ ಬಂದರು. 2011ರ ಮೇ ತಿಂಗಳಲ್ಲಿ ಬಂದ 2.6.39ರಲ್ಲಿ ಆ ದೊಡ್ಡ ಸೌಟನ್ನು ಪೂರ್ತಿ ತೆಗೆದುಹಾಕಲಾಯಿತು. ಸೌಟುಗಳು ಹೆಚ್ಚಿದಷ್ಟೂ ಎದುರುಬದುರು ಕಾಯುವ ಸಂದರ್ಭಗಳೂ ಹೆಚ್ಚುತ್ತವೆ. ಅದಕ್ಕಾಗಿ ಇಂಗೊ ಮೊಲ್ನಾರ್ 2006ರಲ್ಲಿ ಲಾಕ್‌ಡೆಪ್ ಎಂಬ ಕಾವಲುಗಾರನನ್ನು ಕರ್ನಲ್‌ಗೆ ಸೇರಿಸಿದರು. ಯಾವ ಲಾಕ್ ಹಿಡಿದ ಮೇಲೆ ಯಾವುದನ್ನು ಹಿಡಿಯುತ್ತಾರೆಂದು ಗಮನಿಸುತ್ತ, ಡೆಡ್‌ಲಾಕ್ ಆಗುವ ಮೊದಲೇ ‘ಈ ಕ್ರಮದಲ್ಲಿ ಅಪಾಯವಿದೆ’ ಎಂದು ಅದು ಎಚ್ಚರಿಸುತ್ತದೆ. ನನ್ನ ಮಟ್ಟಿಗೆ ಲಿನಕ್ಸ್ ಇತಿಹಾಸದಲ್ಲೇ ದೊಡ್ಡ ಉಪಕಾರಗಳಲ್ಲಿ ಅದೂ ಒಂದು.

ರೇಸ್ ಎಷ್ಟು ಕಾಲ ಅಡಗಿ ಕೂರಬಲ್ಲದು ಎನ್ನುವುದಕ್ಕೆ ಅಮೆರಿಕದ ಓಹಾಯೊ ರಾಜ್ಯದ ಒಂದು ವಿದ್ಯುತ್ ಕಂಪನಿಯ ಕಂಟ್ರೋಲ್ ರೂಮಿಗಿಂತ ದೊಡ್ಡ ಉದಾಹರಣೆ ಬೇಕಿಲ್ಲ. 2003ರ ಆಗಸ್ಟ್ 14ರಂದು ಅಲ್ಲಿನ ಎಚ್ಚರಿಕೆ ಗಂಟೆಯ ತಂತ್ರಾಂಶ ಸದ್ದಿಲ್ಲದೆ ನಿಂತಿತು. ಗಂಟೆ ಬಾರಿಸಿಲ್ಲವೆಂದ ಮೇಲೆ ಎಲ್ಲ ಸರಿಯಿದೆ ಎಂದು ಸಿಬ್ಬಂದಿ ನಂಬಿದರು. ಆ ದಿನ ಅಮೆರಿಕ ಮತ್ತು ಕೆನಡಾದಲ್ಲಿ ಸುಮಾರು 5 ಕೋಟಿ ಜನ ಕತ್ತಲಲ್ಲಿ ಮುಳುಗಿದರು. ಗಂಟೆ ಏಕೆ ನಿಂತಿತೆಂದು ವಾರಗಟ್ಟಲೆ ಹುಡುಕಿದ ಮೇಲೆ ಸಿಕ್ಕಿದ್ದು ಒಂದು ರೇಸ್ ಕಂಡೀಷನ್. ಹಾಗಾಗಿ ‘ಮೂರು ದಿನದಿಂದ ಕ್ರ್ಯಾಶ್ ಆಗಿಲ್ಲ, ಸರಿಹೋಯಿತು’ ಎಂದು ಯಾರಾದರೂ ಬರೆದರೆ, ಇನ್ನೂ ಸ್ವಲ್ಪ ದಿನ ಕಾಯಿರಿ ಎಂದೇ ಉತ್ತರಿಸುತ್ತೇನೆ.

ಧಾರವಾಡದ ಹುಡುಗ ಕಳಿಸಿದ ಫೋಟೊದಲ್ಲಿ ಕಪ್ಪು ಪರದೆ ಬಿಟ್ಟು ಏನೂ ಇರಲಿಲ್ಲ. ಮಾನಿಟರ್ ನಿದ್ದೆಗೆ ಹೋದ ಮೇಲೆ ಯಂತ್ರ ಸತ್ತಿತ್ತು. ಹಿಂದಿನ ಬೂಟ್‌ನ ಲಾಗ್ ತೆಗೆಸಿದೆ. ಜರ್ನಲ್‌ಸಿಟಿಎಲ್ ಎಂಬ ಆದೇಶಕ್ಕೆ ಹಿಂದಿನ ಬೂಟಿನದು ಬೇಕೆಂದು ಹೇಳಿದರೆ ಕೊಡುತ್ತದೆ. ಕೊನೆಯ ಸಾಲು ರಾತ್ರಿ ಒಂದೂ ನಲವತ್ತರ ಮಾಮೂಲಿ ಮಾತು, ಆಮೇಲೆ ಮೌನ. ಇದು ಸಹಜ. ಸಾಯುವ ಕ್ಷಣದ ಮಾತು ಡಿಸ್ಕ್‌ಗೆ ಬರೆಯುವಷ್ಟರಲ್ಲಿ ಡಿಸ್ಕ್‌ಗೆ ಬರೆಯುವವನೇ ಇರುವುದಿಲ್ಲ. ಅದಕ್ಕೇ ನೆಟ್‌ಕನ್ಸೋಲ್ ಎಂಬ ಸೌಲಭ್ಯವಿದೆ. ಕರ್ನಲ್ ತನ್ನ ಸಂದೇಶಗಳನ್ನು ಡಿಸ್ಕ್‌ನ ದಾರಿ ಕಾಯದೆ ನೇರವಾಗಿ ನೆಟ್‌ವರ್ಕ್ ಕೇಬಲ್ ಮೂಲಕ ಪಕ್ಕದ ಇನ್ನೊಂದು ಕಂಪ್ಯೂಟರ್‌ಗೆ ಎಸೆಯುತ್ತದೆ. ಹುಡುಗನ ಮನೆಯಲ್ಲಿದ್ದ ಹಳೆಯ ಲ್ಯಾಪ್‌ಟಾಪನ್ನು ಕೇಳಿಸಿಕೊಳ್ಳಲು ಕೂರಿಸಿದೆವು. ಇನ್ನೊಂದು ಕಟ್ಟಪ್ಪಣೆ ಮಾಡಿದೆ: ಯಂತ್ರ ಸತ್ತರೆ ಪವರ್ ತೆಗೆಯಬೇಡ, ರೀಸೆಟ್ ಗುಂಡಿ ಮಾತ್ರ ಒತ್ತು. ಹಾರ್ಡ್‌ವೇರ್ ದೋಷವನ್ನು ಪ್ರೊಸೆಸರ್ ತನ್ನೊಳಗಿನ ಮಷೀನ್ ಚೆಕ್ ರಿಜಿಸ್ಟರ್‌ಗಳಲ್ಲಿ ಗುರುತು ಹಾಕಿಕೊಳ್ಳುತ್ತದೆ. ರೀಸೆಟ್ ಮಾಡಿದರೆ ಆ ಗುರುತು ಉಳಿದು, ಮುಂದಿನ ಬೂಟ್‌ನಲ್ಲಿ ಲಿನಕ್ಸ್ ಅದನ್ನು ಓದಿ ಹೇಳಬಲ್ಲದು. ಪ್ಲಗ್ ಕಿತ್ತರೆ ಎಲ್ಲ ಅಳಿಸಿಹೋಗುತ್ತದೆ. ಈ ಒಂದು ವಿಷಯ ಗೊತ್ತಿಲ್ಲದೆ ಎಷ್ಟು ಸಾಕ್ಷಿಗಳು ಹಾಳಾಗಿವೆಯೋ.

ಮೂರನೆಯ ರಾತ್ರಿ ಲ್ಯಾಪ್‌ಟಾಪ್ ಮೇಲೆ ಸಿಕ್ಕಿತು: ಕರ್ನಲ್ ಪ್ಯಾನಿಕ್, ಫೇಟಲ್ ಮಷೀನ್ ಚೆಕ್. ಹುಡುಗನಿಗೆ ಗಾಬರಿ, ನನಗೆ ಸಮಾಧಾನ. ಇದು ಭಟ್ಟರ ಜಗಳವಲ್ಲ, ಅಡುಗೆಮನೆಯ ಗೋಡೆಯಲ್ಲೇ ಬಿರುಕಿದೆ ಎಂದು ಗೊತ್ತಾಯಿತಲ್ಲ.

ಇಲ್ಲಿ ಒಂದು ಮಾತು. ಎಲ್ಲರಿಗೂ ಮಷೀನ್ ಚೆಕ್ ಸಿಗುವುದಿಲ್ಲ. ಹಲವರಿಗೆ ಸಿಗುವುದು ‘ಸಾಫ್ಟ್ ಲಾಕಪ್, ಸಿಪಿಯು 9, 22 ಸೆಕೆಂಡ್‌ಗಳಿಂದ ಸಿಕ್ಕಿಕೊಂಡಿದೆ’ ಎಂಬಂಥ ಸಂದೇಶ. ಓದಿದವರು ಒಂಬತ್ತನೆಯ ಸಿಪಿಯು ಹಾಳಾಗಿದೆ ಎಂದುಕೊಳ್ಳುತ್ತಾರೆ. ಮೊದಲನೆಯದಾಗಿ ಆ ಎಣಿಕೆ ಸೊನ್ನೆಯಿಂದ ಶುರುವಾಗುತ್ತದೆ, ಮತ್ತು 9 ಎನ್ನುವುದು ಯಾವ ಚಿಪ್‌ನ ಕೋರ್ ಎಂದು ಎಲ್‌ಎಸ್‌ಸಿಪಿಯು ಆದೇಶ ಕೊಟ್ಟು ನೋಡಿದರಷ್ಟೇ ಗೊತ್ತಾಗುವುದು. ಕೆಲವು ಯಂತ್ರಗಳಲ್ಲಿ ಸಮ ಸಂಖ್ಯೆಗಳು ಒಂದು ಚಿಪ್‌ಗೆ, ಬೆಸ ಸಂಖ್ಯೆಗಳು ಇನ್ನೊಂದಕ್ಕೆ. ಅದಕ್ಕಿಂತ ಮುಖ್ಯವಾಗಿ, ಸಂದೇಶದಲ್ಲಿ ಹೆಸರು ಬಂದ ಸಿಪಿಯು ಎಷ್ಟೋ ಸಲ ಇನ್ನೊಂದು ಸಿಪಿಯುವಿನ ಉತ್ತರಕ್ಕಾಗಿ ಕಾಯುತ್ತಿರುತ್ತದೆ. ಬಾಗಿಲು ತಟ್ಟುತ್ತ ಹೊರಗೆ ನಿಂತವನ ಹೆಸರು ಅದು. ತೆರೆಯದೆ ಒಳಗೆ ಕೂತವನದು ಬೇರೆ. ಕೀಬೋರ್ಡಿನಿಂದ ನೇರವಾಗಿ ಕರ್ನಲ್‌ಗೇ ಆದೇಶ ಕೊಡುವ ಸಿಸ್‌ಆರ್‌ಕ್ಯು ಸೌಲಭ್ಯ ತೆರೆದಿಟ್ಟಿದ್ದರೆ ಆಲ್ಟ್ ಮತ್ತು ಪ್ರಿಂಟ್ ಸ್ಕ್ರೀನ್ ಜೊತೆ ಎಲ್ ಕೀ ಒತ್ತಿ. ಆಗ ಕೆಲಸದಲ್ಲಿರುವ ಪ್ರತಿ ಸಿಪಿಯುವೂ ತಾನೀಗ ಎಲ್ಲಿದ್ದೇನೆಂದು ವರದಿ ಮಾಡುತ್ತದೆ. ಆ ಒತ್ತಿಗೆ ಉತ್ತರ ಬಂತೆಂದರೆ ಕರ್ನಲ್‌ಗೆ ಇನ್ನೂ ಜೀವವಿದೆ ಎಂದೇ ಅರ್ಥ. ಆಗ ಅವೇ ಎರಡು ಕೀಗಳ ಜೊತೆ ಎಸ್, ಯು, ಬಿ ಎಂದು ಒಂದಾದ ಮೇಲೊಂದು ಒತ್ತಿ ಡಿಸ್ಕ್ ಕೆಡದಂತೆ ರೀಬೂಟ್ ಮಾಡಿಕೊಳ್ಳಬಹುದು.

ಮತ್ತೆ ಧಾರವಾಡಕ್ಕೆ. ಮಷೀನ್ ಚೆಕ್ ಎಂದ ಮೇಲೆ ಮೆಮೊರಿಯ ಮೇಲೆ ಅನುಮಾನ ಬಂತು. ಹುಡುಗ ಒಪ್ಪಲಿಲ್ಲ. “ಸರ, ಮೆಮ್‌ಟೆಸ್ಟ್ ರಾತ್ರಿಯೆಲ್ಲಾ ಓಡಿಸೇನ್ರಿ. ಒಂದ್ ತಪ್ಪೂ ತೋರಿಸ್ಲಿಲ್ರಿ.” ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಆದರೆ ಸರ್ವರ್‌ಗಳಲ್ಲಿರುವುದು ಇಸಿಸಿ ಮೆಮೊರಿ. ಒಂದು ಬಿಟ್ ತಪ್ಪಾದರೆ ಹಾರ್ಡ್‌ವೇರ್ ತಾನೇ ತಿದ್ದಿ ಮುಂದೆ ಸಾಗುತ್ತದೆ, ಮೇಲಿನವರಿಗೆ ಕಾಣಿಸುವುದೇ ಇಲ್ಲ. ಎರಡು ಬಿಟ್ ಒಟ್ಟಿಗೆ ತಪ್ಪಿದಾಗ ತಿದ್ದಲಾಗದೆ ಯಂತ್ರವನ್ನೇ ನಿಲ್ಲಿಸಬೇಕಾಗುತ್ತದೆ. ಅಲ್ಲದೆ ಮೆಮ್‌ಟೆಸ್ಟ್ ಓಡುವಾಗ ಯಂತ್ರ ಅಷ್ಟು ಬಿಸಿಯಾಗುವುದಿಲ್ಲ. 32 ಪುಟಗಳನ್ನು ಒಟ್ಟಿಗೆ ಓದುವಾಗ ಎರಡೂ ಚಿಪ್‌ಗಳು ಕುದಿಯುತ್ತವೆ. ತಿದ್ದಿದ ತಪ್ಪುಗಳ ಲೆಕ್ಕ ಇಡುವ ರಾಸ್‌ಡೀಮನ್ ಎಂಬ ಪುಟ್ಟ ತಂತ್ರಾಂಶ ಹಾಕಿಸಿ ಪುಟಗಳನ್ನು ಓಡಿಸಿದೆವು. ನಲವತ್ತು ನಿಮಿಷದಲ್ಲಿ ಹದಿನೇಳು ತಪ್ಪು. ಹದಿನೇಳಕ್ಕೆ ಹದಿನೇಳೂ ಒಂದೇ ವಿಳಾಸ: ಸಿಪಿಯು 1, ಚಾನೆಲ್ 2, ಡಿಮ್ 0. ಸೊನ್ನೆಯಿಂದ ಎಣಿಸಿದರೆ ಎರಡನೆಯ ಪ್ರೊಸೆಸರ್, ಅದರ ಮೂರನೆಯ ಚಾನೆಲ್, ಅದರ ಮೊದಲ ಸ್ಲಾಟ್.

ಇಷ್ಟಾದ ಮೇಲೂ ಆ ಮೆಮೊರಿ ಕಡ್ಡಿಯನ್ನು ಎಸೆದುಬಿಡಲು ನಾನು ಬಿಡಲಿಲ್ಲ. ತಪ್ಪು ಕಡ್ಡಿಯದೋ, ಸ್ಲಾಟಿನದೋ, ಪ್ರೊಸೆಸರಿನದೋ? ಹಿಂದೆಲ್ಲ ಇಂಥ ಹೊತ್ತಿನಲ್ಲಿ ಗ್ರಬ್ ಮೆನುವಿನಲ್ಲಿ ಮ್ಯಾಕ್ಸ್‌ಸಿಪಿಯುಸ್ ಸಮ 1 ಎಂದು ಸೇರಿಸಿ ಒಂದೇ ಸಿಪಿಯು ಮೇಲೆ ಓಡಿಸಿ ನೋಡುತ್ತಿದ್ದೆವು. ಈಗಲೂ ಒಳ್ಳೆಯ ಪರೀಕ್ಷೆಯೇ, ಆದರೆ ಅದರ ಉತ್ತರವನ್ನು ಎಚ್ಚರದಿಂದ ಓದಬೇಕು. ಒಂದೇ ಕೋರ್ ಓಡಿದರೆ ಬಿಸಿ ಇಳಿಯುತ್ತದೆ, ವಿದ್ಯುತ್ತಿನ ಎಳೆತ ಇಳಿಯುತ್ತದೆ, ರೇಸ್‌ಗಳು ಮಾಯವಾಗುತ್ತವೆ. ಕ್ರ್ಯಾಶ್ ನಿಂತರೆ ಇವುಗಳಲ್ಲಿ ಯಾವುದರಿಂದ ನಿಂತಿತು? ಇಷ್ಟೆಲ್ಲ ಆದರೂ ಎರಡನೆಯ ಚಿಪ್‌ನ ಪಕ್ಕದ ಮೆಮೊರಿ ಬಳಕೆಯಲ್ಲಿಯೇ ಇರುತ್ತದೆ. ಅದಕ್ಕೆ ನೂಮಾಸಿಟಿಎಲ್ ನನಗೆ ಹೆಚ್ಚು ಇಷ್ಟ. ಈ ಪ್ರೊಸೆಸರ್ ಮೇಲೆ ಓಡು, ಆ ಪ್ರೊಸೆಸರಿನ ಮೆಮೊರಿ ಬಳಸು ಎಂದು ಅದರ ಮೂಲಕ ಬೇಕಾದ ಜೋಡಿ ಕಟ್ಟಬಹುದು. ಮೊದಲ ಪ್ರೊಸೆಸರ್, ಎರಡನೆಯ ಮೆಮೊರಿ: ತಪ್ಪು ಬಂತು. ಎರಡನೆಯ ಪ್ರೊಸೆಸರ್, ಮೊದಲ ಮೆಮೊರಿ: ಎರಡು ತಾಸು ಓಡಿದರೂ ಸೊನ್ನೆ. ಲೆಕ್ಕ ಮಾಡುವ ಕೋರ್‌ಗಳು ನಿರಪರಾಧಿಗಳು ಎಂದಾಯಿತು. ಆಮೇಲೆ ಆ ಕಡ್ಡಿಯನ್ನು ಮೊದಲ ಪ್ರೊಸೆಸರಿನ ಪಕ್ಕಕ್ಕೆ, ಅಲ್ಲಿನದನ್ನು ಇಲ್ಲಿಗೆ ಅದಲುಬದಲು ಮಾಡಿಸಿದೆ. ಕಡ್ಡಿ ಕೆಟ್ಟಿದ್ದರೆ ತಪ್ಪು ಅದರ ಜೊತೆಯೇ ಹೋಗಬೇಕಿತ್ತು. ಹೋಗಲಿಲ್ಲ, ಅದೇ ಸ್ಲಾಟಿನಲ್ಲಿ ಉಳಿಯಿತು. ಒಂದು ಸಲಕ್ಕೆ ಒಂದೇ ಬದಲಾವಣೆ ಎಂಬ ನಿಯಮ ಮೀರಿ ಕಡ್ಡಿ, ಬಯಾಸ್, ಕರ್ನಲ್ ಮೂರನ್ನೂ ಒಂದೇ ದಿನ ಬದಲಿಸಿದ್ದರೆ ಈ ಉತ್ತರ ಯಾವತ್ತೂ ಸಿಗುತ್ತಿರಲಿಲ್ಲ.

ಮುಂದಿನ ಭಾನುವಾರ ನಾನೇ ಧಾರವಾಡಕ್ಕೆ ಹೋದೆ. ಪ್ಲಗ್ ಕಿತ್ತು, ಕ್ಯಾಬಿನೆಟ್ ಮುಟ್ಟಿ ಮೈಯ ಸ್ಟ್ಯಾಟಿಕ್ ಕಳೆದುಕೊಂಡು, ಎರಡನೆಯ ಹೀಟ್‌ಸಿಂಕ್ ಬಿಚ್ಚಿದೆವು. ಪೇಸ್ಟ್ ಒಣಗಿ ಸುಣ್ಣದ ಹೆಕ್ಕಳೆಯಾಗಿತ್ತು. ಸನ್ನೆ ಎತ್ತಿ ಚಿಪ್ಪನ್ನು ಮೇಲೆ ತೆಗೆದಾಗ ಕಂಡದ್ದು ಸಾಕೆಟ್. ಈ ಬಗೆಯ ಸಾಕೆಟ್‌ಗೆ ಎಲ್‌ಜಿಎ 2011 ಎಂದು ಹೆಸರು; 2011 ಎನ್ನುವುದು ಅದರಲ್ಲಿರುವ ಪಿನ್‌ಗಳ ಸಂಖ್ಯೆ. ಪಿನ್ ಇರುವುದು ಚಿಪ್‌ನಲ್ಲಲ್ಲ, ಬೋರ್ಡಿನ ಮೇಲೆ, ಕೂದಲೆಳೆಯಷ್ಟು ಸಣ್ಣ ಬಾಗಿದ ಲೋಹದ ನಾಲಿಗೆಗಳು. ಮೆಮೊರಿ ನಿಯಂತ್ರಕ ಚಿಪ್ಪಿನೊಳಗೇ ಇರುವುದರಿಂದ ಮೆಮೊರಿಯ ಪ್ರತಿ ಬಿಟ್ಟೂ ಈ ನಾಲಿಗೆಗಳ ಮೂಲಕವೇ ಹಾಯಬೇಕು. ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದು ಭೂತಗನ್ನಡಿಯಲ್ಲಿ ನೋಡಿದೆ. ಗಾಳಿಗೆ ಒಂದೇ ಕಡೆ ವಾಲಿದ ಭತ್ತದ ಪೈರಿನ ಹಾಗೆ ಸಾಲುಸಾಲೂ ಒಂದೇ ಕೋನದಲ್ಲಿ ಹೊಳೆಯುತ್ತಿತ್ತು. ಟಾರ್ಚನ್ನು ನಿಧಾನಕ್ಕೆ ತಿರುಗಿಸುತ್ತ ಹೋದಾಗ ಅಂಚಿನಿಂದ ನಾಲ್ಕನೆಯ ಸಾಲಿನಲ್ಲಿ ಒಂದು ಕಡೆ ಮಾತ್ರ ಹೊಳಪು ತಪ್ಪಿತು. ಒಂದೇ ಒಂದು ಪಿನ್, ಪಕ್ಕದ್ದರ ಕಡೆಗೆ ಹೊರಳಿತ್ತು. ಚಿಪ್ಪಿಗೆ ತಾಗಿಯೂ ತಾಗದಂತೆ ಇದ್ದಿರಬೇಕು. ಯಂತ್ರ ಕಾಯುವ ತನಕ ಅಲ್ಪಸ್ವಲ್ಪ ಸಂಪರ್ಕ, ಕಾದ ಮೇಲೆ ಅದೂ ಇಲ್ಲ. ಹಿಂದೆ ಯಾರ ಕೈಯಲ್ಲಿ, ಯಾವಾಗ ಬಾಗಿತೋ.

ಹುಡುಗನ ತಾಯಿ ಕಸೂತಿ ಹಾಕುವವರು. ಅವರ ಡಬ್ಬಿಯಿಂದ ಎಲ್ಲಕ್ಕಿಂತ ಸಣ್ಣ ಸೂಜಿ ತಂದುಕೊಟ್ಟರು. ಉಸಿರು ಬಿಗಿಹಿಡಿದು ಪಿನ್ನಿನ ಬುಡಕ್ಕೆ ಸೂಜಿ ತಾಗಿಸಿ, ಎತ್ತಿ, ಕನ್ನಡಿಯಲ್ಲಿ ನೋಡಿ, ಮತ್ತೆ ಒಂದಿಷ್ಟು ಎತ್ತಿ, ಪಕ್ಕದ ಪಿನ್ನುಗಳ ಸಾಲಿಗೆ ತರಲು ಇಪ್ಪತ್ತು ನಿಮಿಷ ಹಿಡಿಯಿತು. ಕೈನಡುಕ ಇರುವವರು ಇದಕ್ಕೆ ಇಳಿಯಬಾರದು. ಪಿನ್ ಮುರಿದರೆ ಬೋರ್ಡೇ ಹೋಯಿತು; ಮೊಬೈಲ್ ರಿಪೇರಿಯವರಲ್ಲಿ ಮೈಕ್ರೋಸ್ಕೋಪ್ ಇಟ್ಟುಕೊಂಡವರಿದ್ದಾರೆ, ಅವರ ಹತ್ತಿರ ಹೋಗುವುದು ಒಳ್ಳೆಯದು.

ಈ ನಡುವೆ ಹುಡುಗ ಎಲ್ಲೋ ಓದಿ ಒಂದು ಔಷಧ ಪ್ರಯೋಗಿಸಿದ್ದನೆಂದು ಅಲ್ಲಿಗೆ ಹೋದಾಗಲೇ ನನಗೆ ತಿಳಿದದ್ದು: ಬೂಟ್ ಸಾಲಿನಲ್ಲಿ ಎಸಿಪಿಐ ಆಫ್, ನೋಎಪಿಕ್. ಎರಡು ದಿನ ಕ್ರ್ಯಾಶ್ ಆಗಲಿಲ್ಲವಂತೆ. ಈ ಸಲಹೆಗೆ ವಯಸ್ಸಾಗಿದೆ. 1999ರಲ್ಲಿ ಅಬಿಟ್ ಬಿಪಿ6 ಎಂಬ ಬೋರ್ಡು ಅಗ್ಗದ ಸೆಲೆರಾನ್ ಚಿಪ್‌ಗಳನ್ನೇ ಜೋಡಿಯಾಗಿ ಕೂರಿಸಲು ಅವಕಾಶ ಕೊಟ್ಟು ಎರಡು ಪ್ರೊಸೆಸರ್ ಯಂತ್ರವನ್ನು ಹವ್ಯಾಸಿಗಳ ಮೇಜಿಗೆ ತಂದಿತು. ಆ ಕಾಲದ ಬೋರ್ಡುಗಳಲ್ಲಿ ಪ್ರೊಸೆಸರ್‌ಗಳಿಗೆ ಇಂಟರಪ್ಟ್ ಹಂಚುವ ಎಪಿಕ್ ವ್ಯವಸ್ಥೆ ಆಗಾಗ ತಕರಾರು ಮಾಡುತ್ತಿತ್ತು, ಅದನ್ನು ಆರಿಸಿದರೆ ಎಷ್ಟೋ ಯಂತ್ರಗಳು ಬದುಕುತ್ತಿದ್ದವು. ಇಂದಿನ ಯಂತ್ರಗಳಲ್ಲಿ ಎರಡನೆಯ ಪ್ರೊಸೆಸರ್ ಇದೆಯೆಂದು ಲಿನಕ್ಸ್‌ಗೆ ತಿಳಿಸುವ ಪಟ್ಟಿಯೇ ಎಸಿಪಿಐನಲ್ಲಿದೆ. ಅದನ್ನು ಆರಿಸಿದರೆ ಎಷ್ಟೋ ಸಲ ಮೊದಲ ಕೋರ್ ಬಿಟ್ಟು ಉಳಿದವು ಏಳುವುದೇ ಇಲ್ಲ. ಹುಡುಗನ ಯಂತ್ರದಲ್ಲೂ ಹಾಗೇ ಆಗಿತ್ತು. 32ರ ಜಾಗದಲ್ಲಿ ಒಂದೇ ಸಿಪಿಯು. ಯಂತ್ರ ಸಾಯದೆ ಉಳಿದದ್ದು ಅದು ಕೆಲಸವನ್ನೇ ಮಾಡದ್ದರಿಂದ.

ಇಂಥ ಯಂತ್ರ ಕೊಳ್ಳಬೇಕೇ ಎಂದು ಕೇಳುವವರಿಗೆ ನನ್ನ ಅಭಿಪ್ರಾಯ ಇಷ್ಟು. ಮನೆಯ ಬಳಕೆಗೆ ಹೊಸ ಪೀಳಿಗೆಯ ಒಂದೇ ಪ್ರೊಸೆಸರ್ ಸಾಕು, ಕರೆಂಟ್ ಬಿಲ್ಲೂ ಉಳಿಯುತ್ತದೆ. ಹೆಚ್ಚು ಮೆಮೊರಿ ಬೇಕು, ಕೈಯಲ್ಲಿ ದುಡ್ಡು ಕಡಿಮೆ ಎನ್ನುವವರು ಧಾರಾಳವಾಗಿ ಕೊಳ್ಳಿ. ಆದರೆ ಅಂಗಡಿಯಲ್ಲೇ ಎರಡೂ ಚಿಪ್‌ಗಳನ್ನು ತೆಗೆಸಿ, ಟಾರ್ಚ್ ಹಿಡಿದು ಸಾಕೆಟ್ ನೋಡಿ. ತೆಗೆದು ತೋರಿಸಲು ಒಪ್ಪದಿದ್ದರೆ ಮುಂದಿನ ಅಂಗಡಿಗೆ ಹೋಗಿ.

ಹೊಸ ಪೇಸ್ಟ್ ಹಚ್ಚಿ, ಬೂಟ್ ಸಾಲಿನಲ್ಲಿದ್ದ ಆ ಎರಡು ಪದ ಅಳಿಸಿ, ಸಂಜೆ ಆರಕ್ಕೆ ಯಂತ್ರ ಚಾಲೂ ಮಾಡಿದೆವು. ನಲವತ್ತು ನಿಮಿಷ ಕಳೆಯಿತು, ಲೆಕ್ಕ ಸೊನ್ನೆ. ಹುಡುಗ ಎದ್ದು ಚಹಾ ತಂದ, ಕೂತ, ಮತ್ತೆ ಲೆಕ್ಕ ನೋಡಿದ. ಹತ್ತು ಗಂಟೆಯ ಬಸ್ಸಿಗೆ ನಾನು ಹೊರಟಾಗಲೂ ಸೊನ್ನೆಯೇ ಇತ್ತು. ಎರಡು ವಾರ ಬಿಡದೆ ಓಡಿಸು, ಆಮೇಲೆ ಹೇಳು ಎಂದಿದ್ದೆ. ಹದಿನೈದನೆಯ ಬೆಳಿಗ್ಗೆ ಒಂದು ಫೋಟೊ ಬಂತು. ರಾಸ್‌ಡೀಮನ್ ಲೆಕ್ಕದಲ್ಲಿ ಅದೇ ಸೊನ್ನೆ, ಅದರ ಪಕ್ಕದ ಕಿಟಕಿಯಲ್ಲಿ ಆಗತಾನೇ ಓದಿ ಮುಗಿದಿದ್ದ ಹಳೆಯ ಮಾಸಪತ್ರಿಕೆಯೊಂದರ ಕೊನೆಯ ಪುಟ.